ರಾಮಲೋಚನ್ ಮಾಸ್ಟರ ಕಾರಿಗೆ ಏನೂ ತಾಗಿಲ್ಲ

ನಮ್ಮ ದ್ವೀಪದ ಲಂಬಾಸ ಪೇಟೆಯ ರಸ್ತೆಗಳಲ್ಲಿ ಇವತ್ತು ಸ್ಟೀರಿಂಗ್ ಹಿಡಿದವರಲ್ಲಿ ಮುಕ್ಕಾಲು ಪಾಲು ಜನ ಒಂದಲ್ಲ ಒಂದು ಕಾಲದಲ್ಲಿ ರಾಮಲೋಚನ್ ಮಾಸ್ಟರಿಂದ ಬೈಸಿಕೊಂಡವರೇ. ಸವುಸವುಗೆ ಹೋಗುವ ಬಸ್ಸಿನ ಡ್ರೈವರ್, ಆಸ್ಪತ್ರೆಯ ಆಂಬುಲೆನ್ಸಿನವನು, ಕಬ್ಬಿನ ಲಾರಿಯವರು, ಮಾರುಕಟ್ಟೆಯ ಎದುರು ಸಾಲಾಗಿ ನಿಲ್ಲುವ ಟ್ಯಾಕ್ಸಿಯವರು, ನಾನು ಕೂಡ. ಬುಲಿಲೇಕ ಎಂಬ ಪಕ್ಕದ ಹಳ್ಳಿಯಲ್ಲಿ ನಮ್ಮ ಮನೆ ಅವರ ಮನೆಗೆ ಅಂಟಿಕೊಂಡೇ ಇದ್ದದ್ದರಿಂದ ನನಗೆ ಬೈಗುಳ ಬೇಲಿಯಾಚೆಯಿಂದಲೂ ಸಿಗುತ್ತಿತ್ತು.

ಅವರು ಕಲಿಸುತ್ತಿದ್ದ ರೀತಿಯೇ ಬೇರೆ. ಮುಂದಿನ ಗಾಜಿನ ಕೆಳಗೆ ಒಂದು ಸ್ಟೀಲ್ ಲೋಟದ ತುಂಬ ನೀರಿಡುತ್ತಿದ್ದರು. ನೀರು ತುಳುಕಿದರೆ ಅವತ್ತಿನ ಪಾಠ ಅಲ್ಲಿಗೇ ಮುಗಿಯಿತು. ಕಲಿಯುವವನು ಇಳಿದು ಮನೆಗೆ ನಡೆಯಬೇಕು. ಮಾಸ್ಟರು ಪಕ್ಕದಲ್ಲೇ ನಿಧಾನವಾಗಿ ಕಾರು ಓಡಿಸಿಕೊಂಡು, ಕಿಟಕಿಯಿಂದ ತಲೆ ಹೊರಹಾಕಿ, ಅವನ ತಪ್ಪುಗಳನ್ನು ವಿವರಿಸುತ್ತ ಬರುತ್ತಿದ್ದರು. ರಸ್ತೆಯಲ್ಲಿ ನೀರು ನಿಂತ ಗುಂಡಿ ಕಂಡರೆ ಕಾರು ನಿಲ್ಲಿಸಿ, ಇಳಿದು, ಕಬ್ಬಿನ ಜಲ್ಲೆಯಿಂದ ಆಳ ನೋಡಿ, ಆಮೇಲೆ ದಾಟಬೇಕು. ಹಿಂದೆ ಎಷ್ಟು ಗಾಡಿ ಹಾರ್ನ್ ಹೊಡೆದರೂ ಸರಿಯೆ. ಹಾಗೆ ಹಾರ್ನ್ ಹೊಡೆಯುವವರೂ ಅವರ ಶಿಷ್ಯರೇ ಆದ್ದರಿಂದ, ಮುಂದಿರುವ ಕಾರು ಯಾರದೆಂದು ಕಂಡ ಕೂಡಲೇ ಕೈ ತೆಗೆದುಬಿಡುತ್ತಿದ್ದರು.

ಕಾರು ಬಿಳಿ ಬಣ್ಣದ ಹಳೆಯ ಡೀಸೆಲ್ ವ್ಯಾಗನ್. ಅದರಲ್ಲಿ ಕಲಿತ ಕೆಲವು ಶಿಷ್ಯರಿಗಿಂತ ಅದಕ್ಕೇ ವಯಸ್ಸು ಹೆಚ್ಚು. ಸಕ್ಕರೆ ಗಿರಣಿಯ ತಿರುವಿನಲ್ಲಿ ಅದರ ಗುಟುಗುಟು ಸದ್ದು ಕೇಳಿಸಿದರೆ ಸಾಕು, ಫೂಲಮತಿ ಚಾಚಿ ಒಲೆಯ ಮೇಲೆ ಚಹಾಕ್ಕೆ ನೀರಿಡುತ್ತಿದ್ದರು. ಚಾಚಿ, ಅಂದರೆ ಚಿಕ್ಕಮ್ಮ, ಎಂದು ನಾವು ಕರೆಯುತ್ತಿದ್ದದ್ದು ಮಾಸ್ಟರ ಹೆಂಡತಿಯನ್ನು. ಈ ಕಾರಿನ ಬಗ್ಗೆ ಮಾಸ್ಟರಿಗೆ ಒಂದೇ ಹೆಮ್ಮೆ, ಅದನ್ನು ಯಂಗೋನ, ಅಂದರೆ ಬೇರು ಕುಟ್ಟಿ ನೀರಿಗೆ ಕಲಸಿದ ಅಮಲಿನ ಪೇಯ, ಕುಡಿಯಲು ಕೂತ ಪ್ರತಿ ಕೂಟದಲ್ಲೂ ಹೇಳುತ್ತಿದ್ದರು: ಇದರ ಹೊಟ್ಟೆಗೆ ಹುಲ್ಲು ಬಿಟ್ಟು ಬೇರೇನೂ ತಾಗಿದ್ದಿಲ್ಲ. ತೆಂಗಿನ ಚಿಪ್ಪು ಕೈಯಿಂದ ಕೈಗೆ ದಾಟುತ್ತಿದ್ದಂತೆ ಉಳಿದವರು ತಲೆಯಾಡಿಸುತ್ತಿದ್ದರು. ಹೌದೋ ಅಲ್ಲವೋ ಎಂದು ಯಾರೂ ಬಗ್ಗಿ ನೋಡಿರಲಿಲ್ಲ.

ಹೀಗಿರುವಾಗ ಕಬ್ಬು ಅರೆಯುವ ಕಾಲ ಮುಗಿದ ಹೊಸತರಲ್ಲಿ ಒಂದು ಭಾನುವಾರ ಮಾಸ್ಟರೂ ಚಾಚಿಯೂ ಯಾರದೋ ಮನೆಯ ಪೂಜೆಗೆ ಹೊರಟಿದ್ದರು. ಕಬ್ಬಿನ ರೈಲಿನ ಹಳಿ ದಾಟುವ ಜಾಗಕ್ಕೆ ಬಂದಾಗ ಹಿಂದಿನಿಂದ ಒಂದು ಟ್ಯಾಕ್ಸಿ ಬಂತು. ಹಳಿಯ ಮೇಲೇ, ಸಿಗ್ನಲ್ ಕೂಡ ಹಾಕದೆ, ಅವರನ್ನು ದಾಟಿ ಮುಂದೆ ಹೋಯಿತು. ಮಾಸ್ಟರಿಗೆ ಸಿಟ್ಟು ನೆತ್ತಿಗೇರಿತು. ಇವನಿಗೆ ಕಲಿಸಿದವರು ಯಾರು ಎಂದು ಗುಡುಗುತ್ತ, ಅವನ ಮುಖ ಕಾಣಲೆಂದು ಕತ್ತು ಪೂರ್ತಿ ಬಲಕ್ಕೆ ತಿರುಗಿಸಿದರು. ಕಲಿಸಿದವರು ಅವರೇ. ಅದು ಗೊತ್ತಾಗುವಷ್ಟರಲ್ಲಿ, ಹಳಿ ರಿಪೇರಿಯವರು ದಾರಿಯಲ್ಲೇ ಬಿಟ್ಟುಹೋಗಿದ್ದ ಹಳೆಯ ಮರದ ದಿಮ್ಮಿಯೊಂದು ಕಾರಿನ ಮುಂಚಕ್ರಗಳ ನಡುವೆ ನುಸುಳಿ, ಒಳಗೆ ಎದ್ದು ನಿಂತು, ನೆಲದಡಿ ಧಡಾರನೆ ಬಡಿಯಿತು. ಕಾರು ಒಮ್ಮೆ ಕುಪ್ಪಳಿಸಿ ಆಚೆ ಇಳಿಯಿತು.

ಹಿಂದಿನ ಸೀಟಿನಲ್ಲಿದ್ದ ಚಾಚಿ ಮೊದಲು ಮಡಿಲು ನೋಡಿಕೊಂಡರು. ಆಮೇಲೆ ಕೇಳಿದರು.

"ಏನೋ ತಾಗ್ತಲ್ಲ?"

"ಏನೂ ತಾಗಿಲ್ಲ."

"ಕುಂಬಳಕಾಯಿ ಪಲ್ಯ ಪೂರ್ತಿ ನನ್ನ ಮಡಿಲಲ್ಲಿದೆ ಕಣ್ರೀ."

"ನಿನ್ನ ಪಾತ್ರೆ ಮುಚ್ಚಳ ಸಡಿಲ ಇತ್ತು."

ಮಡಿಲಿನ ಬಿಸಿ ಪಲ್ಯವನ್ನು ಪಾತ್ರೆಗೆ ತುಂಬಿಕೊಳ್ಳುತ್ತಿದ್ದಂತೆ ಚಾಚಿಗೆ ಒಂದು ವಿಷಯ ಹೊಳೆಯಿತು. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಬಾರಿಗೆ ಗಂಡನ ಜುಟ್ಟು ತಮ್ಮ ಕೈಗೆ ಬಂದಿದೆ. ಇದನ್ನು ಅವರೇ ಆಮೇಲೆ ನಮ್ಮ ಅಮ್ಮನಿಗೆ ನಗುತ್ತ ಹೇಳಿದ್ದು.

ಮರುದಿನದಿಂದ ಕಾರಿನ ದಮ್ಮು ಕಡಿಮೆಯಾಯಿತು. ಬೆಳಗ್ಗೆ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತಿತ್ತು, ನಿಂತಲ್ಲಿ ಗುಟುಗುಟು ಎನ್ನುತ್ತಿತ್ತು, ಸಪಾಟು ರಸ್ತೆಯಲ್ಲಿ ಮೊದಲಿನಂತೆಯೇ ಓಡುತ್ತಿತ್ತು. ಏರು ಬಂತೋ, ಅರ್ಧಕ್ಕೆ ಹೋಗುವಷ್ಟರಲ್ಲಿ ಸೊರಗುತ್ತಿತ್ತು. ಕಾಲು ಒತ್ತಿದಷ್ಟೂ ಎಳೆತ ಇನ್ನೂ ಇಳಿಯುತ್ತಿತ್ತು. ಹೊಗೆಯೂ ಇಲ್ಲ, ಅಪಸ್ವರವೂ ಇಲ್ಲ. ಪಕ್ಕಕ್ಕೆ ನಿಲ್ಲಿಸಿ ಸ್ವಲ್ಪ ಹೊತ್ತು ಸುಧಾರಿಸಿಕೊಳ್ಳಲು ಬಿಟ್ಟರೆ ಮತ್ತೆ ಒಂದಿಷ್ಟು ದೂರ ಹುಮ್ಮಸ್ಸಿನಿಂದ ಹೋಗಿ, ಮತ್ತೆ ಅದೇ ಗತಿ. ಮಾಸ್ಟರು ಪಾಠದ ದಾರಿಯನ್ನೇ ಬದಲಿಸಿಬಿಟ್ಟರು. ಆಸ್ಪತ್ರೆಯ ದಿಬ್ಬಕ್ಕೆ ಹೋಗುವುದನ್ನು ನಿಲ್ಲಿಸಿದರು. ಏರಿನಲ್ಲಿ ಗಾಡಿ ನಿಲ್ಲಿಸಿ ಎಬ್ಬಿಸುವುದನ್ನು ಹೇಗೆ ಕಲಿಯುವುದೆಂದು ಒಬ್ಬ ಹುಡುಗಿ ಕೇಳಿದ್ದಕ್ಕೆ, ಮೊದಲು ಸಪಾಟು ರಸ್ತೆಗೆ ಮರ್ಯಾದೆ ಕೊಡಲು ಕಲಿ ಎಂದರಂತೆ.

ಕೊನೆಗೆ ಮೆಕ್ಯಾನಿಕ್ ಸೇರುವಿನ ಹತ್ತಿರ ಹೋಗಲೇಬೇಕಾಯಿತು. ಅವನು ಪೇಟೆಯ ಹೊರಗೆ ಹಲಸಿನಂಥ ದೊಡ್ಡ ಬ್ರೆಡ್‌ಫ್ರೂಟ್ ಮರದ ಕೆಳಗೆ ಗ್ಯಾರೇಜು ಇಟ್ಟಿದ್ದ. ದೊಡ್ಡ ಆಳು, ದೊಡ್ಡ ಗಂಟಲು. ಕಾರಿನ ಬಾನೆಟ್ ಎತ್ತುವ ಮೊದಲೇ ರೋಗ ಹೇಳುವುದು ಅವನ ಅಭ್ಯಾಸ. ಹತ್ತರಲ್ಲಿ ಐದು ಸಲ ಸರಿಯಿರುತ್ತಿತ್ತು, ಉಳಿದ ಐದನ್ನು ನೆನಪಿಡುತ್ತಿರಲಿಲ್ಲ. ಅವನೂ ಮಾಸ್ಟರ ಶಿಷ್ಯನೇ. ಒಂದು ಚಕ್ರ ಕಲ್ಲಿನ ಮೇಲೆ ಹತ್ತಿಸಿದನೆಂದು ಮಾಸ್ಟರು ಅವನನ್ನು ಪರೀಕ್ಷೆಗೇ ಕಳಿಸದೆ ಮತ್ತೆ ಮತ್ತೆ ಹಿಂದಕ್ಕೆ ಕೂರಿಸಿದ್ದರು.

ಎಲ್ಲ ಕೇಳಿಸಿಕೊಂಡು ಸೇರು ಮೊದಲು ಕೇಳಿದ ಪ್ರಶ್ನೆಯೇ ಸರಿಯಾದದ್ದಾಗಿತ್ತು.

"ಮಾಸ್ಟರ್, ಕೆಳಗೇನಾದ್ರೂ ಹೊಡೀತಾ?"

"ಯಾರನ್ನ ಕೇಳ್ತಿದೀಯ ನೀನು?"

ಸೇರು ಬಗ್ಗಿ ನೋಡಬಹುದಿತ್ತು. ಆದರೆ ಕಾರಿನ ಕೆಳಗೆ ಇಳಿಯಲು ಅವನು ತೋಡಿಸಿದ್ದ ಗುಂಡಿ ಮಳೆಗೆ ತುಂಬಿ, ಅದರಲ್ಲಿ ಅವನ ಹೆಂಡತಿಯ ಬಾತುಕೋಳಿಗಳು ಈಜುತ್ತಿದ್ದವು. ಜ್ಯಾಕ್ ಹಾಕಿ ಎತ್ತೋಣವೆಂದರೆ ಮಾಸ್ಟರು, ಇಲ್ಲದ ರೋಗಕ್ಕೆ ಹೊಟ್ಟೆ ಸೀಳುವುದು ಬೇಡ ಎಂದು ಮುಖ ಗಂಟಿಕ್ಕಿದರು. ಮಾಸ್ಟರ ಕಾರಿನ ತಳಕ್ಕೆ ಏನಾದರೂ ತಾಗುವುದೆಂದರೆ ಗಿರಣಿಯ ಚಿಮಣಿ ಎದ್ದು ನಡೆದಷ್ಟೇ ಅಸಂಭವ ಎಂದು ಸೇರುವೂ ನಂಬಿದ್ದ. ಆದ್ದರಿಂದ ತಳವೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಕೈಹಾಕಿದ.

ಡೀಸೆಲ್ ಫಿಲ್ಟರ್ ಬದಲಿಸಿದ. ಡೀಸೆಲ್ ಪೈಪಿನೊಳಗೆ ಸಿಕ್ಕಿದ್ದ ಏರ್ ತೆಗೆದ. ಗಾಡಿ ಗ್ಯಾರೇಜಿನ ಅಂಗಳದಲ್ಲಿ ಹುಲಿಯಂತೆ ಗುರುಗುಟ್ಟಿತು, ಆಸ್ಪತ್ರೆಯ ದಿಬ್ಬದಲ್ಲಿ ಬೆಕ್ಕಾಯಿತು. ಗಾಳಿ ಎಳೆಯುವ ಕೊಳವೆಯಲ್ಲಿ ಕಣಜ ಗೂಡು ಕಟ್ಟಿದೆ ಎಂದು ಘೋಷಿಸಿದ. ಬಿಚ್ಚಿ ನೋಡಿದರೆ ನಿಜವಾಗಿಯೂ ಒಂದು ಗೂಡಿತ್ತು, ಹೆಬ್ಬೆರಳಿನಷ್ಟು. ಅದನ್ನು ಎಲ್ಲರಿಗೂ ತೋರಿಸಿ ಮೆರೆದ. ಗಾಡಿ ಮಾತ್ರ ಏರಲಿಲ್ಲ. ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿ ತೊಳೆದ. ಡೀಸೆಲ್ಲಿನಲ್ಲಿ ನೀರು ಬೆರೆತಿರಬೇಕೆಂದು ಫಿಲ್ಟರಿನ ತಳದಿಂದ ಬಾಟಲಿಗೆ ಇಳಿಸಿ ಬಿಸಿಲಿಗೆ ಹಿಡಿದು ನೋಡಿದ. ಅದು ಗಂಗಾಜಲದಷ್ಟು ಶುದ್ಧವಾಗಿತ್ತು. ಇನ್ನು ಉಳಿದದ್ದು ಡೀಸೆಲ್ ಪಂಪು, ಅದನ್ನು ಬಿಚ್ಚಿದರೆ ಕಾರು ರಾಜಧಾನಿ ಸುವಾಗೆ ಹಡಗು ಹತ್ತಬೇಕಾದೀತು ಎಂದ.

ಇದೆಲ್ಲ ನಡೆಯುವಾಗ ಫೂಲಮತಿ ಚಾಚಿ ಮರದ ನೆರಳಲ್ಲಿ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಸೇರು ತಲೆ ಕೆರೆದುಕೊಂಡು, ಏನೋ ಒಂದು ಆಗಿರಲೇಬೇಕು ಎಂದಾಗಲೆಲ್ಲ ಅವರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅಷ್ಟೆ. ಮಾಸ್ಟರು ಕೂಡಲೇ ಅವರ ಹತ್ತಿರ ಬಂದು, ನಿನಗೇನಾದರೂ ಬೇಕಾ ಎಂದು ಮೆಲ್ಲಗೆ ಕೇಳುತ್ತಿದ್ದರು. ಚಾಚಿಗೆ ಬೇಕಾದ್ದು ಒಂದೊಂದಾಗಿ ನೆನಪಾಗುತ್ತಿತ್ತು. ಅಡುಗೆಮನೆಯ ಸೋರುವ ತಗಡು ಹೊಸದಾಯಿತು. ಮಾಸ್ಟರು ಯಂಗೋನದ ಕೂಟದಿಂದ ಕತ್ತಲಾಗುವ ಮೊದಲೇ ಮನೆಗೆ ಬರತೊಡಗಿದರು. ಒಂದು ದಿನ ಬೇಲಿಯಾಚೆ ನೋಡಿದರೆ, ಅವರೇ ಬಟ್ಟೆ ಒಣಹಾಕುತ್ತಿದ್ದರು. ನಮ್ಮ ಅಮ್ಮ ಕೈಯಲ್ಲಿದ್ದ ಮರಗೆಣಸನ್ನು ಕೆಳಗಿಟ್ಟು ನಿಂತು ನೋಡಿದಳು.

ಅಷ್ಟರಲ್ಲಿ ಸವುಸವುವಿನಿಂದ ಸುದ್ದಿ ಬಂತು. ಅಲ್ಲಿರುವ ಚಾಚಿಯ ತಂಗಿಯ ಮಗಳಿಗೆ ನಿಶ್ಚಿತಾರ್ಥ. ಆ ತಂಗಿಯ ಗಂಡ ಹರದೇವ್, ಅಂದರೆ ಮಾಸ್ಟರ ಷಡ್ಡಕ, ಹೊಸ ಪೆಟ್ರೋಲ್ ಕಾರಿಟ್ಟವನು. ಮಾಸ್ಟರ ವ್ಯಾಗನ್ನನ್ನು ಕಂಡಾಗಲೆಲ್ಲ, ಅಣ್ಣ, ಇದಕ್ಕೆ ಪಿಂಚಣಿ ಯಾವಾಗ ಎಂದು ಕೇಳುವವನು. ಬಸ್ಸಿನಲ್ಲಿ ಹೋಗೋಣ ಎಂದು ಮಾಸ್ಟರು ಹೇಳಿ ನೋಡಿದರು. ನಮ್ಮ ಕಾರಿಗೇನಾಗಿದೆ, ಏನೂ ತಾಗಿಲ್ಲವಲ್ಲ ಎಂದರು ಚಾಚಿ. ಸವುಸವುಗೆ ಹೋಗಬೇಕಾದರೆ ದ್ವೀಪದ ನಡುಬೆನ್ನನ್ನೇ ಹತ್ತಿ ಇಳಿಯಬೇಕು. ದಾರಿಯಲ್ಲಿ ಸಿಗುವ ವೈಸಾಲಿಯ ಏರಿನಲ್ಲಿ ಒಳ್ಳೆಯ ಲಾರಿಗಳೂ ಮೊದಲ ಗೇರಿನಲ್ಲಿ ತೇಕುತ್ತವೆ.

ಸೇರು ತಾನೂ ಬರುತ್ತೇನೆಂದ. ಭಾರ ಬಿದ್ದಾಗ ಇಂಜಿನ್ ಹೇಗೆ ಕೂಗುತ್ತದೆಂದು ಕೇಳಬೇಕು ಎನ್ನುವುದು ಒಂದು ಕಾರಣ. ನಿಶ್ಚಿತಾರ್ಥದ ಊಟ ಇನ್ನೊಂದು. ಒಂದು ಕ್ಯಾನು ಡೀಸೆಲ್, ಒಂದು ತುಂಡು ರಬ್ಬರ್ ಪೈಪು, ನಾಲ್ಕಾರು ಸ್ಪ್ಯಾನರು ಹಿಂದೆ ಹಾಕಿಕೊಂಡು, ಹೂವಿನ ಅಂಗಿ ಹಾಕಿಕೊಂಡು ಬಂದ. ಮಾಸ್ಟರು ಇಸ್ತ್ರಿ ಹಾಕಿದ ಬಿಳಿ ಪ್ಯಾಂಟು ತೊಟ್ಟಿದ್ದರು. ನನ್ನನ್ನೂ ಕರೆದರು, ತಳ್ಳಬೇಕಾದರೆ ಇರಲಿ ಎಂದಿರಬೇಕು.

ವೈಸಾಲಿಯ ಏರು ಅರ್ಧ ಹತ್ತುವಷ್ಟರಲ್ಲಿ ಕಾರು ಶುರುಮಾಡಿತು. ಮೂರನೇ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ. ಪಕ್ಕದಲ್ಲಿ ನಡೆಯುತ್ತಿದ್ದ ಹೆಂಗಸೊಬ್ಬಳು ತಲೆಯ ಮೇಲೆ ಗೆಡ್ಡೆಯ ಬುಟ್ಟಿ ಹೊತ್ತು ನಮ್ಮನ್ನು ದಾಟಿ, ಬೂಲಾ ಎಂದು ನಮಸ್ಕಾರ ಹೇಳಿ ಮುಂದೆ ಹೋದಳು. ಕಿರಿದಾದ ತಿರುವಿನಲ್ಲಿ ಇಂಜಿನ್ ಒಮ್ಮೆ ನಡುಗಿ ನಿಂತೇಹೋಯಿತು. ಹಿಂದೆ ಸವುಸವು ಬಸ್ಸು. ಅದರ ಹಿಂದೆ ಒಂದು ಮರ ಸಾಗಿಸುವ ಲಾರಿ, ಒಂದು ಟ್ಯಾಕ್ಸಿ. ಎಲ್ಲ ನಿಂತವು.

ಬಸ್ಸಿನ ಡ್ರೈವರ್ ಇಳಿದು ಬಂದ. ಆಮೇಲೆ ಲಾರಿಯವನು, ಟ್ಯಾಕ್ಸಿಯವನು. ಮೂವರೂ ಮಾಸ್ಟರ ಹತ್ತಿರ ಕಲಿತವರು. ಕೈ ಹಿಂದೆ ಕಟ್ಟಿಕೊಂಡು, ತುಂಬ ಮರ್ಯಾದೆಯಿಂದ, ಒಬ್ಬೊಬ್ಬರಾಗಿ ಮಾಸ್ಟರ ಪಾಠವನ್ನೇ ಮಾಸ್ಟರಿಗೆ ಒಪ್ಪಿಸಿದರು. ಏರು ಬರುವ ಮೊದಲೇ ಗೇರ್ ಇಳಿಸಬೇಕಿತ್ತಲ್ಲವೇ ಎಂದ ಒಬ್ಬ. ಕ್ಲಚ್ ಮೇಲೆ ಕಾಲು ಇಟ್ಟುಕೊಂಡಿರಲಿಲ್ಲ ತಾನೆ ಎಂದ ಇನ್ನೊಬ್ಬ. ಟ್ಯಾಕ್ಸಿಯವನು, ಬೇಕಾದರೆ ಇಳಿದು ನಡೀರಿ ಮಾಸ್ಟರ್, ನಾನು ಪಕ್ಕದಲ್ಲಿ ನಿಧಾನಕ್ಕೆ ಓಡಿಸಿಕೊಂಡು ಬರ್ತೀನಿ ಎಂದ. ಬಸ್ಸಿನ ಕಿಟಕಿಗಳ ತುಂಬ ತಲೆಗಳು. ಮಾಸ್ಟರು ಸ್ಟೀರಿಂಗ್ ಹಿಡಿದು ನೇರ ಮುಂದೆ ನೋಡುತ್ತ ಕೂತಿದ್ದರು. ಕಿವಿ ಮಾತ್ರ ಕೆಂಪಗಾಗಿತ್ತು.

ಸೇರು ಬಾನೆಟ್ ಎತ್ತಿದ. ಟ್ಯಾಂಕಿನಿಂದ ಫಿಲ್ಟರಿಗೆ ಬರುವ ಪೈಪನ್ನು ಕಿತ್ತು, ತಾನು ತಂದ ರಬ್ಬರ್ ಪೈಪನ್ನು ಅಲ್ಲಿಗೆ ಸಿಕ್ಕಿಸಿದ. ಅದರ ಇನ್ನೊಂದು ತುದಿಯನ್ನು ಡೀಸೆಲ್ ಕ್ಯಾನಿನೊಳಗೆ ಇಳಿಬಿಟ್ಟ. ಕ್ಯಾನನ್ನು ಗಾಜಿನ ಮುಂದೆ ನಿಲ್ಲಿಸಿ ವೈಪರಿಗೆ ಹಗ್ಗದಿಂದ ಬಿಗಿದ. ಏರ್ ತೆಗೆದು, ಸ್ಟಾರ್ಟ್ ಮಾಡಿ ಎಂದ.

ಕಾರು ಎದ್ದಿತು. ಮಾಸ್ಟರು ಗೇರ್ ಹಾಕಿದರು. ನಮ್ಮೆಲ್ಲರನ್ನೂ ಕೂರಿಸಿಕೊಂಡು, ಮುಂದೆ ಕ್ಯಾನು ಕುಣಿಸಿಕೊಂಡು, ಆ ಏರನ್ನು ಅದು ಹರೆಯದ ಹೋರಿಯ ಹಾಗೆ ಹತ್ತಿಬಿಟ್ಟಿತು. ಬುಟ್ಟಿಯ ಹೆಂಗಸನ್ನೂ ದಾಟಿತು. ನೆತ್ತಿಯ ಮೇಲೆ, ರಸ್ತೆ ಅಗಲವಾದ ಕಡೆ, ಮಾಸ್ಟರು ನಿಲ್ಲಿಸಿದರು. ಹಿಂದಿನಿಂದ ಬಸ್ಸು, ಲಾರಿ, ಟ್ಯಾಕ್ಸಿ ಎಲ್ಲ ಬಂದು ಸೇರಿದವು. ಪ್ರಯಾಣಿಕರೂ ಇಳಿದರು. ಇನ್ನು ಹೋಗುವ ಅವಸರ ಯಾರಿಗೂ ಇರಲಿಲ್ಲ.

ಸೇರು ಎಲ್ಲರಿಗೂ ಕೇಳುವಂತೆ ಲೆಕ್ಕ ಬಿಡಿಸಿದ. ಕ್ಯಾನಿನ ಡೀಸೆಲ್ ಕುಡಿದು ಗಾಡಿ ಹತ್ತಿತು ಅಂದಮೇಲೆ ಪಂಪು ಸರಿ, ನಾಜಲ್ ಸರಿ, ಸೈಲೆನ್ಸರ್ ಕೂಡ ಕಟ್ಟಿಕೊಂಡಿಲ್ಲ. ಕೆಟ್ಟಿರುವುದು ಫಿಲ್ಟರಿನ ಹಿಂದಿನ ಭಾಗ. ಹಿಂದೆ ಇರುವುದು ಎರಡೇ, ಪೈಪು ಮತ್ತು ಟ್ಯಾಂಕು.

"ಎರಡೂ ಎಲ್ಲಿವೆ ಮಾಸ್ಟರ್?" ಎಂದ ಸೇರು. "ಕೆಳಗೆ."

ಫೂಲಮತಿ ಚಾಚಿ ಗಂಟಲು ಸರಿಮಾಡಿಕೊಂಡರು.

ಮಾಸ್ಟರು ಸೇರುವಿನ ಮುಖ ನೋಡಿದರು, ಚಾಚಿಯ ಮುಖ ನೋಡಿದರು. ನಾನೇ ನೋಡುತ್ತೇನೆ ಎಂದು, ಬಿಳಿ ಪ್ಯಾಂಟಿನಲ್ಲೇ ಒದ್ದೆ ಮಣ್ಣಿನ ಮೇಲೆ ಅಂಗಾತ ಮಲಗಿ, ಕಾರಿನ ಕೆಳಗೆ ತೂರಿಕೊಂಡರು. ಹೊರಗೆ ಉಳಿದದ್ದು ಪಾಲಿಶ್ ಮಾಡಿದ ಎರಡು ಬೂಟುಗಳು ಮಾತ್ರ. ನಾವೆಲ್ಲ ಆ ಬೂಟುಗಳ ಸುತ್ತ ನಿಂತೆವು. ಒಳಗಿನಿಂದ ಬೆರಳಲ್ಲಿ ತಗಡು ಕುಟ್ಟುವ ಶಬ್ದ ಬಂತು, ಅದೂ ನಿಂತಿತು.

"ಸೇರು," ಎಂದವು ಬೂಟುಗಳು.

"ಹೇಳಿ ಮಾಸ್ಟರ್."

"ಟ್ಯಾಂಕಿನ ತಳ ಒಳಕ್ಕೆ ಹೋಗಿದೆ. ನನ್ನ ತಲೆ ಹಿಡಿಸೋಷ್ಟು ಗುಳಿ. ಪೈಪೂ ಒಂದು ಕಡೆ ಅಪ್ಪಚ್ಚಿಯಾಗಿದೆ."

ಬೂಟುಗಳು ಒಂದಕ್ಕೊಂದು ತಿಕ್ಕಿಕೊಂಡವು.

"ಹಳಿ ಹತ್ರ ಒಂದು ದಿಮ್ಮಿ ಬಿದ್ದಿತ್ತು. ನಾನು ನೋಡ್ಲಿಲ್ಲ. ಇನ್ನೊಬ್ಬನಿಗೆ ಬೈಯ್ತಾ ಇದ್ದೆ, ರಸ್ತೆ ನೋಡ್ಲಿಲ್ಲ. ಅವತ್ತೇ ಗೊತ್ತಾಯ್ತು. ನಿನ್ನ ಹತ್ರ ಸುಳ್ಳು ಹೇಳ್ದೆ."

ಸೇರು ಮೊಣಕಾಲೂರಿ ಕೂತು, ಕಾರಿನ ಕೆಳಗೆ ಬಗ್ಗಿ, "ಪರವಾಗಿಲ್ಲ ಬನ್ನಿ ಮಾಸ್ಟರ್, ಅಂಗಿ ಕೊಳೆಯಾಗುತ್ತೆ," ಎಂದ. ಅವನ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬಸ್ ಡ್ರೈವರನೂ ಟ್ಯಾಕ್ಸಿಯವನೂ ಒಂದೊಂದು ಬೂಟು ಹಿಡಿದು ಮಾಸ್ಟರನ್ನು ಮೆಲ್ಲಗೆ ಹೊರಗೆ ಎಳೆದರು. ಲಾರಿಯವನು ಬೆನ್ನಿನ ಮಣ್ಣು ಒರೆಸಿದ. ಟ್ಯಾಕ್ಸಿಯವನು ಯಾಕೋ ಬೂಟು ಬಿಟ್ಟವನೇ ದೂರ ಸರಿದು ನಿಂತು ತನ್ನ ಕಾಲಿನ ಚಪ್ಪಲಿಯನ್ನೇ ನೋಡುತ್ತಿದ್ದ. ಹಳಿಯ ಮೇಲೆ ದಾಟಿದವನು ತಾನೇ ಎಂದು ಅವನಿಗೂ ಆಗಲೇ ಹೊಳೆದಿರಬೇಕು.

ಆಗಿದ್ದು ಇಷ್ಟು. ಟ್ಯಾಂಕಿನೊಳಗೆ ಡೀಸೆಲ್ ಹೀರುವ ಕೊಳವೆಯ ಬಾಯಿ ತಳದಿಂದ ಸ್ವಲ್ಪವೇ ಮೇಲಿರುತ್ತದೆ. ದಿಮ್ಮಿಯ ಏಟಿಗೆ ತಳ ಮೇಲೆದ್ದು ಆ ಬಾಯಿಗೆ ಅಂಗೈಯಂತೆ ಒತ್ತಿಕೊಂಡಿತ್ತು. ನಿಂತಲ್ಲಿ ಗುಟುಕು ಗುಟುಕಾಗಿ ಕುಡಿಯಲು ಅಡ್ಡಿಯಿಲ್ಲ. ಏರಿನಲ್ಲಿ ಬಾಯಾರಿ ಜೋರಾಗಿ ಹೀರಹೋದರೆ ಗಂಟಲಿಗೆ ಏನೂ ಇಳಿಯದು.

ಕ್ಯಾನನ್ನು ಹಾಗೇ ಮುಂದೆ ಕಟ್ಟಿಕೊಂಡು ಸವುಸವು ತಲುಪಿದೆವು. ಹರದೇವ್ ಅಂಗಳದಲ್ಲೇ ನಿಂತಿದ್ದ. ಕ್ಯಾನು ನೋಡಿದ, ಮಣ್ಣಾದ ಪ್ಯಾಂಟು ನೋಡಿದ, ಮುಖ ಅರಳಿತು. ಆದರೆ ಅವನು ಬಾಯಿ ತೆರೆಯುವ ಮೊದಲೇ ಮಾಸ್ಟರು ಅವನ ಹೆಗಲ ಮೇಲೆ ಕೈ ಹಾಕಿ, ಬಾರಯ್ಯ, ನನ್ನ ಪೆದ್ದುತನ ಕೇಳು ಎಂದು ಶುರುಮಾಡಿಬಿಟ್ಟರು. ಷಡ್ಡಕನಿಗೆ ಚೇಷ್ಟೆ ಮಾಡಲು ಏನೂ ಉಳಿಯಲಿಲ್ಲ. ಸಂಜೆಗೆ ಮುಂಚೆ ಆ ಮನೆಯ ಎಲ್ಲರಿಗೂ, ಗಂಡಿನ ಕಡೆಯವರಿಗೂ, ಕಥೆ ಗೊತ್ತಾಗಿತ್ತು. ಒಂದೊಂದು ಚಿಪ್ಪು ಯಂಗೋನ ಮುಗಿದಂತೆ ದಿಮ್ಮಿ ಒಂದೊಂದು ಗೇಣು ಬೆಳೆಯಿತು. ಕೊನೆಗೆ ಅದು ತೆಂಗಿನ ಮರದಷ್ಟಾಗಿತ್ತು. ಹರದೇವ್ ಕಣ್ಣೊರೆಸಿಕೊಂಡು ನಗುತ್ತಿದ್ದ. ತನ್ನ ಹೊಸ ಕಾರನ್ನು ಕೊಂಡ ವಾರವೇ ಚರಂಡಿಗೆ ಇಳಿಸಿದ್ದನ್ನು ಅವನೂ ಒಪ್ಪಿಕೊಂಡ. ಅವನ ಹೆಂಡತಿಗೆ ಅದು ಹೊಸ ಸುದ್ದಿ.

ಬೇಸರವಾದದ್ದು ಫೂಲಮತಿ ಚಾಚಿಗೆ ಒಬ್ಬರಿಗೇ. ಅಡುಗೆಮನೆಯ ನೆಲಕ್ಕೆ ಸಿಮೆಂಟು ಹಾಕಿಸುವುದು ಇನ್ನೂ ಬಾಕಿ ಇತ್ತು, ಇನ್ನೊಂದು ವಾರ ತಡೆದು ಹೇಳಬಾರದಿತ್ತೆ ಈ ಮನುಷ್ಯ ಎಂದು ಅವರು ನಮ್ಮ ಅಮ್ಮನ ಹತ್ತಿರ ಹೇಳಿಕೊಂಡರು. ಆದರೂ ಬಟ್ಟೆ ಒಣಹಾಕುವುದನ್ನು ಮಾಸ್ಟರು ಬಿಡಲಿಲ್ಲ. ಯಾಕೆಂದು ಗೊತ್ತಿಲ್ಲ. ಅಭ್ಯಾಸವಾಗಿರಬೇಕು.

ಊರಿಗೆ ಬಂದಮೇಲೆ ಸೇರು ಗುಂಡಿಯ ನೀರು ಎತ್ತಿಸಿ, ಬಾತುಕೋಳಿಗಳನ್ನು ಓಡಿಸಿ, ಟ್ಯಾಂಕನ್ನು ಇಳಿಸಿದ. ಒಳಗೆ ತೊಳೆದು, ತಳವನ್ನು ಒಳಗಿನಿಂದ ಮರದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಹೊರಕ್ಕೆ ತಂದ. ಅಪ್ಪಚ್ಚಿಯಾದ ಪೈಪಿನ ಜಾಗಕ್ಕೆ ಹೊಸ ತುಂಡು ಕೂಡಿಸಿದ. ಮಾಸ್ಟರು ಚಾಚಿಯ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ಆ ಏರಿನ ಸುದ್ದಿ ಆಗಲೇ ಲಂಬಾಸದ ತುಂಬ ಹರಡಿತ್ತು. ವಿಚಿತ್ರವೆಂದರೆ, ಯಾರೂ ಅವರನ್ನು ನೋಡಿ ನಗಲಿಲ್ಲ. ಬದಲಿಗೆ ಹಳೆಯ ಶಿಷ್ಯರು ಒಬ್ಬೊಬ್ಬರಾಗಿ ಬಂದು, ತಾವು ಎಲ್ಲೆಲ್ಲಿ ಗುದ್ದಿದ್ದೆವು, ಏನೇನು ಮುಚ್ಚಿಟ್ಟಿದ್ದೆವು ಎಂದು ಹೇಳಿಕೊಳ್ಳತೊಡಗಿದರು. ಆಂಬುಲೆನ್ಸಿನವನು ಆಸ್ಪತ್ರೆಯ ಕಂಬದ ಬಗ್ಗೆ ಹೇಳಿದ. ಟ್ಯಾಕ್ಸಿಯವನು ಬಂದು ಹಳಿಯ ವಿಷಯ ಹೇಳಿ ಒಂದು ಕಟ್ಟು ಯಂಗೋನ ಬೇರು ಇಟ್ಟುಹೋದ. ಮಾಸ್ಟರು ಎಲ್ಲರದನ್ನೂ ಕೇಳಿಸಿಕೊಂಡರು. ಯಾರಿಗೂ ಬೈಯಲಿಲ್ಲ.

ಸೇರು ಸುತ್ತಿಗೆ ಕೆಳಗಿಟ್ಟ.

"ಮಾಸ್ಟರ್, ನಂದೂ ಒಂದಿದೆ. ಕಲೀವಾಗ ನಿಮ್ಮ ಗೇಟಿನ ಕಂಬ ಮುರಿದವನು ನಾನೇ. ನೀವು ಚಹಾ ಕುಡಿಯೋಕೆ ಒಳಗೆ ಹೋಗಿದ್ರಿ. ನಾನು ರಿವರ್ಸ್ ಮಾಡಿ ನೋಡೋಣ ಅಂದ್ಕೊಂಡೆ."

ಮಾಸ್ಟರು ಸ್ಟೂಲಿನಿಂದ ಎದ್ದರು. ಆ ಕಂಬ ಮುರಿದದ್ದು ನಮ್ಮ ಮನೆಯ ಗೂಳಿ ಎಂದು ಅವರು ಅಂದು ನಮ್ಮ ಅಪ್ಪನ ಜತೆ ಜಗಳವಾಡಿದ್ದರು. ಅವತ್ತಿನಿಂದ ಇಲ್ಲಿಯವರೆಗೆ ಇಬ್ಬರೂ ಬೇಲಿಯ ಎರಡು ಬದಿಯಲ್ಲಿ ಹೆಂಡಂದಿರ ಮೂಲಕವೇ ಮಾತಾಡಿಕೊಳ್ಳುತ್ತಿದ್ದರು.

ಅವತ್ತೇ ಮಧ್ಯಾಹ್ನ ಮಾಸ್ಟರು ನಮ್ಮ ಮನೆಗೆ ಬಂದರು. ಅಪ್ಪ ಜಗಲಿಯಲ್ಲಿ ಕೂತು ಕತ್ತಿ ಮಸೆಯುತ್ತಿದ್ದರು. ಮಾಸ್ಟರು ಕೈಕಟ್ಟಿ ನಿಂತು, ನಿಮ್ಮ ಗೂಳಿಯದು ತಪ್ಪಿರಲಿಲ್ಲ ಎಂದರು. ಅಪ್ಪ ತಲೆಯೆತ್ತಿ, ಅದು ಸತ್ತೇ ಎಷ್ಟೋ ಕಾಲವಾಯಿತಲ್ಲ ಎಂದರು. ಗೊತ್ತು, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ ಎಂದರು ಮಾಸ್ಟರು. ಅಪ್ಪ ಸ್ವಲ್ಪ ಸರಿದು ಚಾಪೆಯ ಮೇಲೆ ಜಾಗ ಮಾಡಿಕೊಟ್ಟರು.